ಮಿಲಾನಿನ ಸ್ವರಲಿಪಿ ಭಂಡಾರ

ಗೀತನಾಟಕವೊಂದರಲ್ಲಿ ಕರ್ತೃವೇ ಬರೆದ ಸ್ವರ ಯಾವುದು, ನಕಲುಗಾರನ ಕೈತಪ್ಪಿನಿಂದ ಸೇರಿದುದು ಯಾವುದು ಎಂಬ ಸಂದೇಹ ಬಂದಾಗ ನಾವು ಎಲ್ಲಿಗೆ ಹೋಗಬೇಕು? ಇಟಲಿಯ ಆಪೆರಾಗಳ ಮಟ್ಟಿಗೆ, ಬಹುಪಾಲು, ಮಿಲಾನ್ ನಗರದ ಬ್ರೇರಾ ಅರಮನೆಯ ಗ್ರಂಥಾಲಯದಲ್ಲಿರುವ ರಿಕೋರ್ಡಿ ಭಂಡಾರಕ್ಕೆ. 1808ರಲ್ಲಿ ಸಂಗೀತ ಮುದ್ರಣಾಲಯವನ್ನು ಸ್ಥಾಪಿಸಿದ ಜೊವಾನ್ನಿ ರಿಕೋರ್ಡಿಯು ನಾಟಕಶಾಲೆಗಳಿಗೆ ಸ್ವರಪತ್ರಗಳನ್ನು ನಕಲುಮಾಡಿ ಕೊಡುತ್ತಿದ್ದವನು. ನಕಲುಗಾರರ ತಪ್ಪನ್ನು ತೋರಿಸುವ ಸಾಕ್ಷ್ಯವನ್ನು ಕೂಡಿಸಿಟ್ಟವನೂ ನಕಲುಗಾರನೇ ಎಂಬುದು ವಿನೋದವಲ್ಲವೆ!

ವೆರ್ದಿಯ 28 ಆಪೆರಾಗಳಲ್ಲಿ 23ರ ಸ್ವಹಸ್ತಪ್ರತಿಗಳು ಇಲ್ಲಿವೆ. ಆತನು ಹೊಡೆದುಹಾಕಿದುದೂ ಮರಳಿ ಬರೆದುದೂ ಅವುಗಳಲ್ಲಿ ಕಾಣುತ್ತದೆ. 1983ರಲ್ಲಿ ‘ರಿಗೊಲೆಟ್ಟೊ’ದಿಂದ ಆರಂಭವಾದ ಪರಿಷ್ಕೃತ ಮುದ್ರಣಕ್ಕೆ ಇವುಗಳೇ ಆಧಾರ.

ಮಹಾಯುದ್ಧದಲ್ಲಿ, 1943ರಲ್ಲಿ, ಬಾಂಬುಗಳು ಬಿದ್ದು ರಿಕೋರ್ಡಿಯವರ ಕಟ್ಟಡಗಳು ಹಾಳಾದುವು. ಹಸ್ತಪ್ರತಿಗಳನ್ನು ಮೊದಲೇ ಬೇರೆಡೆಗೆ ಸಾಗಿಸಿದ್ದರು.