ನಾಣ್ಯಕ್ಕೂ ದರ್ಜೆಯುಂಟು: ಮೂರನೆಯವರ ತೀರ್ಪಿನ ಬೆಲೆ

ಸರಕಿನ ದರ್ಜೆಯನ್ನು ಹೇಳಬೇಕಾದವರು ಮಾರುವವರೋ ಕೊಳ್ಳುವವರೋ ಎಂಬುದು ಪೇಟೆಯಷ್ಟೇ ಹಳೆಯ ಪ್ರಶ್ನೆ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಪೆಂಟೆಯ ಬಣ್ಣ, ಗಟ್ಟಿತನ ನೋಡಿ ಬೆಲೆ ಕಟ್ಟುವವರು ಕೊಳ್ಳುವವರೇ. ರಬಕವಿ-ಬನಹಟ್ಟಿಯ ನೇಕಾರರು ತರುವ ನೂಲಿನ ಮಾತು ಬೇರೆ. 40ನೆಯ ನಂಬರಿನ ನೂಲೆಂದರೆ ಒಂದು ಪೌಂಡಿಗೆ 840 ಗಜದ 40 ಲಡಿಗಳು. ಅಳೆದು ತೂಗಿದರೆ ಸುಳ್ಳು ಅಲ್ಲಿಯೇ ಬಯಲಾಗುತ್ತದೆ. ಕೃಷಿ ಉತ್ಪನ್ನಗಳಿಗೆ 1937ರ ಕಾಯ್ದೆಯ ಅಗ್‌ಮಾರ್ಕ್, ಚಿನ್ನಕ್ಕೆ 2000ದಲ್ಲಿ ಹಾಲ್‌ಮಾರ್ಕ್, ರೇಷ್ಮೆಗೆ 2004ರಲ್ಲಿ ಸಿಲ್ಕ್ ಮಾರ್ಕ್ ಬಂದದ್ದು ಇದೇ ಉದ್ದೇಶದಿಂದ. ಮಾರಾಟದ ಲಾಭನಷ್ಟದಲ್ಲಿ ಪಾಲಿಲ್ಲದ ಮೂರನೆಯವರು ದರ್ಜೆ ಹೇಳಿದರೆ ಇಬ್ಬರಿಗೂ ನೆಮ್ಮದಿ.

ಹಳೆಯ ನಾಣ್ಯಗಳ ವ್ಯವಹಾರವೂ ಈ ದಾರಿಗೆ ಬಂದಿದೆ. ಜಮಖಂಡಿ, ಮುಧೋಳ, ಬೀಳಗಿಗಳ ಹಳೆಯ ಅಂಗಡಿ ಮನೆತನಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರಬರುವ ರಾಣಿ ಛಾಪಿನ, ರಾಜಾ ಛಾಪಿನ ಬೆಳ್ಳಿ ರೂಪಾಯಿಗಳು ತಿಜೋರಿಯಲ್ಲಿ ಇದ್ದೇ ಇರುತ್ತವೆ. ಅವುಗಳ ಬೆಲೆ ಕೇಳಲು ಹೋದವರಿಗೆ ಒಬ್ಬರು ಬೆಳ್ಳಿಯ ತೂಕದ ದರ ಹೇಳಿದರೆ, ಮತ್ತೊಬ್ಬರು ಲಕ್ಷದ ಮಾತನಾಡುತ್ತಾರೆ. ಈ ಎರಡರ ನಡುವಿನ ಅಂತರವನ್ನು ತಿಳಿಯಲು ದರ್ಜೆ ನಿರ್ಣಯದ ಕ್ರಮವನ್ನು ಅರಿತಿರುವುದು ಒಳಿತು.

ಚಿನಿವಾರನ ಕಾಲದಿಂದ

ನಾಣ್ಯ ಪರೀಕ್ಷೆ ನಮ್ಮ ಸೀಮೆಗೆ ಹೊಸದಲ್ಲ. ಮರಾಠರ ಕಾಲದಲ್ಲಿ ಬಾಗಲಕೋಟೆಯಲ್ಲಿಯೂ ಟಂಕಸಾಲೆಯಿತ್ತು. ಊರಿಗೊಂದು ಬಗೆಯ ರೂಪಾಯಿ ಓಡಾಡುತ್ತಿದ್ದ ಆ ದಿನಗಳಲ್ಲಿ ಚಿನಿವಾರರು, ಶರಾಫರು ನಾಣ್ಯವನ್ನು ತೂಗಿ, ಬಾರಿಸಿ, ಸವೆದಷ್ಟಕ್ಕೆ ವಟ್ಟ ಹಿಡಿದು ಬದಲಿ ಹಣ ಕೊಡುತ್ತಿದ್ದರು. ಪರೀಕ್ಷಿಸಿದ್ದಕ್ಕೆ ಸಾಕ್ಷಿಯಾಗಿ ಅವರು ಒತ್ತಿದ ಚಿಕ್ಕ ಚಿಕ್ಕ ಮುದ್ರೆಗಳನ್ನು ಹಳೆಯ ರೂಪಾಯಿಗಳ ಮೈಮೇಲೆ ಇಂದಿಗೂ ಕಾಣಬಹುದು. ಆದರೆ ದರ್ಜೆ ಹೇಳುವವನೂ ವಟ್ಟದಿಂದ ಲಾಭ ಪಡೆಯುವವನೂ ಒಬ್ಬನೇ ಆಗಿದ್ದುದು ಆ ಪದ್ಧತಿಯ ದೋಷ. ಕಂಪನಿ ಸರಕಾರವು 1835ರಲ್ಲಿ 180 ಗ್ರೇನ್, ಅಂದರೆ ಒಂದು ತೊಲ ತೂಕದ ಏಕರೂಪದ ರೂಪಾಯಿಯನ್ನು ತಂದ ಮೇಲೆ ಚಿನಿವಾರನ ಕೆಲಸ ಕ್ರಮೇಣ ಕಡಿಮೆಯಾಯಿತು.

ಅದೇ ದೋಷ ಇಪ್ಪತ್ತನೆಯ ಶತಮಾನದಲ್ಲಿ ನಾಣ್ಯಸಂಗ್ರಹದ ಪೇಟೆಯಲ್ಲಿ ಮತ್ತೆ ತಲೆ ಎತ್ತಿತು. ಮಾರುವಾಗ 'ಟಂಕಸಾಲೆಯಿಂದ ಬಂದಂತಿದೆ' ಎಂದು ಹೊಗಳಿದ ವ್ಯಾಪಾರಿಯೇ ಅದೇ ನಾಣ್ಯವನ್ನು ಮರಳಿ ಕೊಳ್ಳುವಾಗ 'ಸ್ವಲ್ಪ ಸವೆದಿದೆ' ಎನ್ನುತ್ತಿದ್ದ. ಅಮೆರಿಕದಲ್ಲಿ ಈ ದೂರು ಹೆಚ್ಚಾದಾಗ 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ಹುಟ್ಟಿಕೊಂಡವು. ಶುಲ್ಕ ಪಡೆದು ನಾಣ್ಯದ ಸಾಚಾತನ ಮತ್ತು ದರ್ಜೆಯನ್ನು ಹೇಳುವುದು, ಹೇಳಿದ್ದಕ್ಕೆ ಖಾತರಿ ಕೊಡುವುದು ಇವುಗಳ ಕೆಲಸ. ನಾಣ್ಯವನ್ನು ಒಬ್ಬರಿಗಿಂತ ಹೆಚ್ಚು ಪರೀಕ್ಷಕರು ನೋಡುತ್ತಾರೆ. ಬಳಿಕ ಅದನ್ನು ಗಟ್ಟಿಯಾದ ಪಾರದರ್ಶಕ ಕವಚದಲ್ಲಿ ಮುಚ್ಚಿ, ದರ್ಜೆ ಮತ್ತು ಪ್ರಮಾಣಪತ್ರದ ಸಂಖ್ಯೆಯಿರುವ ಚೀಟಿಯನ್ನು ಒಳಗಿಡುತ್ತಾರೆ. ಪೇಟೆಯಲ್ಲಿ ಇದಕ್ಕೆ 'ಸ್ಲ್ಯಾಬ್' ಎನ್ನುತ್ತಾರೆ. ಬೆಂಗಳೂರು, ಮುಂಬಯಿಗಳ ಹರಾಜುಗಳಲ್ಲಿಯೂ ಇಂತಹ ನಾಣ್ಯಗಳು ಬರುತ್ತಿವೆ.

ಒಂದರಿಂದ ಎಪ್ಪತ್ತು

ದರ್ಜೆಗೆ ಬಳಸುವ ಮಾಪನವು ವಿಲಿಯಂ ಶೆಲ್ಡನ್ ಎಂಬವರು 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ ರೂಪಿಸಿದ್ದು. ಗುರುತಿಸಲಷ್ಟೇ ಸಾಧ್ಯವಾಗುವ ನಾಣ್ಯಕ್ಕೆ 1, ದೋಷವೇ ಇಲ್ಲದ್ದಕ್ಕೆ 70. ಇಲ್ಲಿ ಹೆಸರುಗಳಿಗೆ ಮೋಸಹೋಗಬಾರದು. 'ಗುಡ್' ಎಂದರೆ ಒಳ್ಳೆಯದಲ್ಲ. 4ರಿಂದ 6ರ ನಡುವಿನ, ಬಹಳ ಸವೆದ ನಾಣ್ಯ. 'ಫೈನ್' ಎನ್ನುವುದು 12ರಿಂದ 15, 'ವೆರಿ ಫೈನ್' 20ರಿಂದ 35, 'ಎಕ್ಸ್‌ಟ್ರೀಮ್ಲಿ ಫೈನ್' 40ರಿಂದ 45. 50ರಿಂದ 58ರ ವರೆಗಿನದು ಚಲಾವಣೆಯ ಗುರುತು ಅಷ್ಟಿಷ್ಟು ಉಳ್ಳದ್ದು. 60 ದಾಟಿದರೆ ಮಾತ್ರ ಚಲಾವಣೆಯ ಸವೆತವೇ ಇಲ್ಲದ 'ಮಿಂಟ್ ಸ್ಟೇಟ್'.

ಪರೀಕ್ಷಕರ ಕಣ್ಣು ಮೊದಲು ಹೋಗುವುದು ಚಿತ್ರದ ಎತ್ತರದ ಭಾಗಗಳಿಗೆ. ರಾಣಿ ಛಾಪಿನ ರೂಪಾಯಿಯಲ್ಲಿ ವಿಕ್ಟೋರಿಯಾಳ ಕಿರೀಟ, ಕೂದಲು, ಉಡುಪಿನ ಕಸೂತಿ ಮೊದಲು ಸವೆಯುತ್ತವೆ. ಕೈಯಿಂದ ಬಡಿದು ಟಂಕಿಸಿದ ವಿಜಯನಗರದ ವರಾಹ ಅಥವಾ ಆದಿಲಶಾಹಿ ನಾಣ್ಯಗಳಿಗೆ ಈ ಅಳತೆ ಸರಿಹೊಂದುವುದು ಕಷ್ಟ. ಅವುಗಳಲ್ಲಿ ಅಚ್ಚು ಪೂರ್ತಿ ಬೀಳದಿರುವುದು ಸವೆತವಲ್ಲ, ಹುಟ್ಟಿನ ಲಕ್ಷಣ. ಎನ್‌ಜಿಸಿ ಸಂಸ್ಥೆಯು ಪ್ರಾಚೀನ ನಾಣ್ಯಗಳ ವಿಭಾಗದಲ್ಲಿ ಅಚ್ಚಿನ ಗುಣಕ್ಕೂ ಮೇಲ್ಮೈಗೂ ಐದರಲ್ಲಿ ಇಷ್ಟೆಂದು ಬೇರೆ ಬೇರೆ ಅಂಕ ಕೊಡುವುದು ಇದೇ ಕಾರಣಕ್ಕೆ.

ಕುಟುಂಬಗಳಿಗೆ ಅತಿ ಹೆಚ್ಚು ನಷ್ಟ ತರುವುದು ಸವೆತವಲ್ಲ, ತೊಳೆಯುವ ಅಭ್ಯಾಸ. ಪೂಜೆಗೆ ಮುನ್ನ ಹುಣಸೆಹಣ್ಣು, ಬೂದಿ, ಪೌಡರು ಹಚ್ಚಿ ತಿಕ್ಕಿದ ರೂಪಾಯಿ ಥಳಥಳಿಸಬಹುದು. ಆದರೆ ಟಂಕಸಾಲೆಯ ಅಚ್ಚು ಕೊಟ್ಟ ಮೂಲ ಹೊಳಪು ಒಮ್ಮೆ ಹೋದರೆ ಮರಳದು. ಅಂತಹ ನಾಣ್ಯಕ್ಕೆ ಸಂಸ್ಥೆಗಳು ಸಾಮಾನ್ಯವಾಗಿ ಅಂಕವನ್ನೇ ಕೊಡದೆ 'ಸ್ವಚ್ಛಗೊಳಿಸಿದ್ದು' ಎಂದು ಬರೆಯುತ್ತವೆ. ಕಪ್ಪಾದ ನಾಣ್ಯವನ್ನು ಕಪ್ಪಾಗಿಯೇ ಬಿಡುವುದು ಲಾಭ. ಪೂಜೆಗೆ ಬೇರೆ ನಾಣ್ಯ ಇಟ್ಟುಕೊಂಡರೆ ಲಕ್ಷ್ಮಿ ಮುನಿಯಲಾರಳು! ಮೆತ್ತನೆಯ ಪಿವಿಸಿ ಚೀಲಗಳಲ್ಲಿ ಇಟ್ಟರೆ ಹಸಿರು ಜಿಗುಟು ಹಿಡಿಯುತ್ತದೆ.

ದರ್ಜೆ ಬೇರೆ, ಬೆಲೆ ಬೇರೆ

ದರ್ಜೆ ನಾಣ್ಯದ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಬೆಲೆಯನ್ನಲ್ಲ. ಬೆಲೆ ಕಟ್ಟುವುದು ವಿರಳತೆ ಮತ್ತು ಬೇಡಿಕೆ. 1939ರ ರೂಪಾಯಿ ಸವೆದಿದ್ದರೂ ಸಂಗ್ರಾಹಕರು ಹುಡುಕುತ್ತಾರೆ. ಆದುದರಿಂದಲೇ ಬೇರೆ ವರ್ಷದ ಅಂಕಿಯನ್ನು ತಿದ್ದಿದ ಖೊಟ್ಟಿ ನಾಣ್ಯಗಳೂ ಉಂಟು. 1911ರ ಐದನೆಯ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಆಕ್ಷೇಪ ಬಂದುದರಿಂದ ಚಿತ್ರವನ್ನು ಬದಲಿಸಲಾಯಿತು. ಇಂತಹವುಗಳಿಗೆ ಶುಲ್ಕ ಕೊಟ್ಟು ದರ್ಜೆ ಪಡೆಯುವುದರಲ್ಲಿ ಅರ್ಥವಿದೆ. ಸಾಮಾನ್ಯ ವರ್ಷದ ಸವೆದ ರೂಪಾಯಿಗೆ ಶುಲ್ಕವೇ ನಾಣ್ಯದ ಬೆಲೆಯನ್ನು ಮೀರಬಹುದು.

ಬೆಳ್ಳಿಯ ದರಕ್ಕೆ ಮಾರುವವರೂ ಇಸವಿಯನ್ನು ಓದಬೇಕು. 1939ರ ವರೆಗಿನ ರೂಪಾಯಿ 11.66 ಗ್ರಾಂ ತೂಕವಿದ್ದು, ಅದರಲ್ಲಿ ಶೇಕಡಾ 91.7ರಷ್ಟು ಬೆಳ್ಳಿ. 1940ರಿಂದ ತೂಕ ಅಷ್ಟೇ, ಬೆಳ್ಳಿ ಅರ್ಧ. 1947ರದು ಬರಿಯ ನಿಕ್ಕಲ್. ಮೂರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಯಾರಾದರೊಬ್ಬರಿಗೆ ನಷ್ಟ ಖಚಿತ.

ಮೂರನೆಯವರ ತೀರ್ಪಿಗೂ ಮಿತಿಗಳಿವೆ. ಚಿನ್ನದ ಪರಿಶುದ್ಧತೆಯನ್ನು ಬೆಂಕಿಯಲ್ಲಿ ಪರೀಕ್ಷಿಸಬಹುದು. ನಾಣ್ಯದ ದರ್ಜೆ ಕೊನೆಗೂ ಮನುಷ್ಯರ ಕಣ್ಣಿನ ನಿರ್ಣಯ. 63 ಬಂದ ನಾಣ್ಯವನ್ನು ಕವಚ ಒಡೆದು ಮತ್ತೆ ಕಳಿಸಿ 64 ಪಡೆಯಲು ಯತ್ನಿಸುವವರು ಇದ್ದಾರೆ, ಕೆಲವೊಮ್ಮೆ ಪಡೆದೂ ಇದ್ದಾರೆ. ನಕಲಿ ಕವಚಗಳೂ ಪೇಟೆಗೆ ಬಂದಿವೆ. ಚೀಟಿಯ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ತಾಳೆ ನೋಡಿ, ಅಲ್ಲಿ ಛಾಯಾಚಿತ್ರವಿದ್ದರೆ ಕೈಯಲ್ಲಿರುವ ನಾಣ್ಯದೊಡನೆ ಹೋಲಿಸದೆ ಹಣ ಎಣಿಸಬಾರದು.

ಇದಕ್ಕಿಂತ ದೊಡ್ಡ ಮೋಸ ದೂರವಾಣಿಯಲ್ಲಿ ಬರುತ್ತದೆ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುವುದಾಗಿ ಹೇಳಿ, ಮುಂಗಡವಾಗಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರು ರಿಸರ್ವ್ ಬ್ಯಾಂಕಿನ ಹೆಸರನ್ನೂ ಲಾಂಛನವನ್ನೂ ಬಳಸುತ್ತಿದ್ದರು. ತಾನು ಇಂತಹ ವ್ಯವಹಾರದಲ್ಲಿ ತೊಡಗುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಬ್ಯಾಂಕು 2021ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ನಿಜವಾದ ದರ್ಜೆ ಸಂಸ್ಥೆ ಪರೀಕ್ಷೆಗೆ ಶುಲ್ಕ ಪಡೆಯುತ್ತದೆ, ಆದರೆ ನಾಣ್ಯವನ್ನು ತಾನೇ ಲಕ್ಷಕ್ಕೆ ಕೊಳ್ಳುವೆನೆಂದು ಆಸೆ ತೋರಿಸುವುದಿಲ್ಲ.

ಕಾಯ್ದೆಯ ಮಾತನ್ನೂ ಗಮನಿಸಬೇಕು. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. 'ದರ್ಜೆಗಾಗಿ ಮಾತ್ರ, ಮರಳಿ ಬರುತ್ತದೆ' ಎಂಬ ಸಮಜಾಯಿಷಿಯನ್ನು ನಂಬಿ ವಿದೇಶಕ್ಕೆ ಅಂಚೆ ಮಾಡಿದವರು ತೊಂದರೆಗೆ ಸಿಲುಕಬಹುದು. 1922ರ ನಂತರ 1938ರ ವರೆಗೆ ಚಲಾವಣೆಗಾಗಿ ರೂಪಾಯಿ ಟಂಕಿಸದ ಕಾರಣ, ತಿಜೋರಿಯಲ್ಲಿರುವ ಐದನೆಯ ಜಾರ್ಜ್ ವರೆಗಿನ ರೂಪಾಯಿಗಳೆಲ್ಲ ಈಗ ನೂರು ದಾಟಿವೆ. ಪುರಾತನ ವಸ್ತುಗಳ ಮಾರಾಟವನ್ನೇ ವೃತ್ತಿಯಾಗಿ ನಡೆಸುವವರಿಗೆ ಪರವಾನಗಿ ಬೇಕು. ಇನ್ನು, ಕೃಷ್ಣೆಯ ಹಿನ್ನೀರಿನಿಂದ ಹಳ್ಳಿಗಳು ಸ್ಥಳಾಂತರಗೊಂಡ ಬೀಳಗಿ ತಾಲೂಕಿನಂತಹ ಕಡೆ ಹಳೆಯ ಮನೆ ಕೆಡವುವಾಗಲೋ ಬುನಾದಿ ಅಗೆಯುವಾಗಲೋ ನೆಲದೊಳಗೆ ನಾಣ್ಯಗಳ ಗಡಿಗೆ ಸಿಕ್ಕರೆ ಅದು ಮನೆತನದ ನಾಣ್ಯವಲ್ಲ, ನಿಧಿ. ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ಯಾರಿಗೆ ಸೇರಬೇಕೆಂಬುದು ವಿಚಾರಣೆಯ ನಂತರ ನಿರ್ಧಾರವಾಗುತ್ತದೆ.