ಎರಡಾಣೆಯ ಠೇವಣಿಯಿಂದ ಕೇಂದ್ರ ಸಂಪುಟದವರೆಗೆ: ಟಿ.ಎ. ಪೈ ಅವರ ವೃತ್ತಿಪಥ

ಭಾರತದಲ್ಲಿ ರಾಜಕಾರಣವನ್ನು ಪ್ರವೇಶಿಸುವ ಹಾದಿಗಳು ಬಹುಮಟ್ಟಿಗೆ ಪರಿಚಿತವಾದವು. ಸ್ವಾತಂತ್ರ್ಯ ಹೋರಾಟ, ವಕೀಲ ವೃತ್ತಿ, ಕಾರ್ಮಿಕ ಅಥವಾ ರೈತ ಸಂಘಟನೆ ಹಾಗೂ ಮನೆತನದ ಪ್ರಭಾವ ಇವುಗಳಲ್ಲಿ ಪ್ರಮುಖವಾದವು. ವಾಣಿಜ್ಯ ಪದವಿಯನ್ನು ಪಡೆದು, ಕಾಲು ಶತಮಾನಕ್ಕೂ ಮಿಗಿಲಾಗಿ ಬ್ಯಾಂಕಿನ ಆಡಳಿತದಲ್ಲಿ ತೊಡಗಿದ್ದು, ಐವತ್ತನೆಯ ವಯಸ್ಸಿನಲ್ಲಿ ಕೇಂದ್ರ ಸಚಿವರಾದವರು ವಿರಳ. ಅಂಥವರಲ್ಲಿ ಕರಾವಳಿ ಕರ್ನಾಟಕದ ತೋನ್ಸೆ ಅನಂತ ಪೈ, ಅಂದರೆ ಟಿ.ಎ. ಪೈ, ಒಬ್ಬರು. ವಾಣಿಜ್ಯ ಶಿಕ್ಷಣ ಮತ್ತು ವ್ಯವಹಾರದ ಅನುಭವ ಸಾರ್ವಜನಿಕ ಜೀವನಕ್ಕೆ ಏನನ್ನು ಕೊಡಬಲ್ಲವು, ಏನನ್ನು ಕೊಡಲಾರವು ಎಂಬ ಎರಡು ಪ್ರಶ್ನೆಗಳಿಗೂ ಅವರ ಜೀವನದಲ್ಲಿ ಉತ್ತರವಿದೆ.

ಬಾಲ್ಯ ಮತ್ತು ಪರಿಸರ

ಉಡುಪಿಯ ಸಮೀಪದ ಕಲ್ಯಾಣಪುರದ ಪೈ ಮನೆತನದಲ್ಲಿ 1922ರ ಜನವರಿ 17ರಂದು ಅನಂತ ಪೈ ಜನಿಸಿದರು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಜಿಲ್ಲೆಯ ಕೈಮಗ್ಗದ ಉದ್ಯಮ ಸಂಕಷ್ಟಕ್ಕೆ ಸಿಲುಕಿ, ನೇಕಾರರು ಬಂಡವಾಳವಿಲ್ಲದೆ ಕಂಗೆಟ್ಟಿದ್ದ ಕಾಲವದು. ಅವರಿಗೆ ಹಣಕಾಸಿನ ನೆರವು ಒದಗಿಸುವ ಉದ್ದೇಶದಿಂದ 1925ರಲ್ಲಿ ಉಡುಪಿಯಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಸ್ಥಾಪನೆಗೊಂಡಿತು. ಆರಂಭದ ಬಂಡವಾಳ ಕೇವಲ 8000 ರೂಪಾಯಿ. ಸ್ಥಾಪಕರು ಮೂವರು: ಉದ್ಯಮಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯರಾದ ಡಾ. ಟಿ.ಎಂ.ಎ. ಪೈ. ಅನಂತ ಪೈ ಅವರು ಡಾ. ಟಿ.ಎಂ.ಎ. ಪೈ ಅವರ ಸೋದರನ ಮಗ. ಹೀಗಾಗಿ ಬ್ಯಾಂಕ್ ಮತ್ತು ಬಾಲಕ ಒಂದೇ ಮನೆತನದ ನೆರಳಿನಲ್ಲಿ ಬೆಳೆದರು ಎನ್ನಬಹುದು.

1928ರಲ್ಲಿ ಬ್ಯಾಂಕು ಪಿಗ್ಮಿ ಠೇವಣಿ ಯೋಜನೆಯನ್ನು ಆರಂಭಿಸಿತು. ಏಜೆಂಟರು ಪ್ರತಿದಿನ ಠೇವಣಿದಾರರ ಮನೆ, ಅಂಗಡಿಗಳ ಬಾಗಿಲಿಗೇ ತೆರಳಿ ಕನಿಷ್ಠ ಎರಡಾಣೆಯಷ್ಟು ಹಣವನ್ನೂ ಸಂಗ್ರಹಿಸುತ್ತಿದ್ದರು. ಎರಡಾಣೆಯೆಂದರೆ ರೂಪಾಯಿಯ ಎಂಟನೆಯ ಒಂದು ಭಾಗ. ದಿನಕ್ಕೆ ಎರಡಾಣೆಯಂತೆ ವರ್ಷವಿಡೀ ಕಟ್ಟಿದರೆ 730 ಆಣೆ, ಅಂದರೆ ಬಡ್ಡಿಯನ್ನು ಬಿಟ್ಟು 45 ರೂಪಾಯಿ 10 ಆಣೆ ಆಗುತ್ತಿತ್ತು. ಕೂಲಿಕಾರನಿಗೆ, ಸಣ್ಣ ಅಂಗಡಿಯವನಿಗೆ ಅದು ಆ ಕಾಲಕ್ಕೆ ಸಣ್ಣ ಗಂಟೇನಲ್ಲ.

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಈ ಯೋಜನೆ ಮೇಲ್ನೋಟಕ್ಕೆ ದುಬಾರಿ. ಪ್ರತಿ ಸಣ್ಣ ಕಂತಿಗೂ ಏಜೆಂಟರ ಕಮಿಷನ್, ರಸೀದಿ ಹಾಗೂ ಲೆಡ್ಜರ್ ನಮೂದಿನ ವೆಚ್ಚವಿದೆ. ಆದರೆ ಪ್ರತಿಫಲವೂ ಎರಡು ಬಗೆಯದಾಗಿತ್ತು. ಸಾವಿರಾರು ಜನರ ಸಣ್ಣ ಮೊತ್ತಗಳು ಒಂದೇ ದಿನ ಹಿಂದಕ್ಕೆ ಹೋಗುವುದಿಲ್ಲವಾದ್ದರಿಂದ ಠೇವಣಿಗೆ ಸ್ಥಿರತೆ ದೊರೆಯಿತು. ಅಲ್ಲದೆ, ದಿನವೂ ತಪ್ಪದೆ ಕಟ್ಟುವವನ ಶಿಸ್ತು ಬ್ಯಾಂಕಿನ ಕಣ್ಣಿಗೆ ಬಿತ್ತು. ಆಸ್ತಿಯ ಭದ್ರತೆ ಇಲ್ಲದವನ ಸಾಲಾರ್ಹತೆಯನ್ನು ಅಳೆಯುವುದಕ್ಕೆ ಅದಕ್ಕಿಂತ ಉತ್ತಮವಾದ ಮಾಪನ ಆಗ ಬೇರೆ ಇರಲಿಲ್ಲ. ಅನಂತ ಪೈ ಆಗ ಆರು ವರ್ಷದ ಬಾಲಕ. ಮುಂದೆ ಅವರ ಆಡಳಿತವನ್ನು ರೂಪಿಸಿದ ತತ್ತ್ವ ಇದೇ: ಸಂಸ್ಥೆಯೇ ಗ್ರಾಹಕನ ಬಾಗಿಲಿಗೆ ಹೋಗಬೇಕು.

ಶಿಕ್ಷಣ ಮತ್ತು ಬ್ಯಾಂಕಿನ ಸೇವೆ

ಉನ್ನತ ಶಿಕ್ಷಣಕ್ಕಾಗಿ ಅವರು ಮುಂಬಯಿಗೆ ತೆರಳಿ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ವಾಣಿಜ್ಯ ಪದವಿಯನ್ನು ಪಡೆದರು. 1913ರಲ್ಲಿ ಸ್ಥಾಪಿತವಾದ ಈ ಕಾಲೇಜು ಏಷ್ಯಾ ಖಂಡದ ಪ್ರಥಮ ವಾಣಿಜ್ಯ ಕಾಲೇಜೆಂದು ಪ್ರಸಿದ್ಧವಾದುದು. ಪದವಿಯ ನಂತರ ಮಹಾನಗರದಲ್ಲಿಯೇ ನೆಲೆಸದೆ ಊರಿಗೆ ಮರಳಿ 1943ರಲ್ಲಿ ಬ್ಯಾಂಕಿನ ಸೇವೆಗೆ ಸೇರಿದರು. ಆ ದಶಕದ ಮಧ್ಯಭಾಗದ ವೇಳೆಗೆ ಜನರಲ್ ಮ್ಯಾನೇಜರ್ ಆಗಿದ್ದರು. 1960ರ ದಶಕದಲ್ಲಿ ವ್ಯವಸ್ಥಾಪಕ ನಿರ್ದೇಶಕರಾಗಿ, ಬಳಿಕ ಅಧ್ಯಕ್ಷರಾಗಿ ಸಂಸ್ಥೆಯನ್ನು ಮುನ್ನಡೆಸಿದರು. ಅದೇ ದಶಕದಲ್ಲಿ ಸಂಸ್ಥೆ ‘ಸಿಂಡಿಕೇಟ್ ಬ್ಯಾಂಕ್’ ಎಂಬ ಹೆಸರನ್ನು ಪಡೆಯಿತು. ಅದರ ಪ್ರಧಾನ ಕಚೇರಿ ಮಣಿಪಾಲದಲ್ಲಿ ನೆಲೆಗೊಂಡಿತು.

ಮನೆತನದ ಬ್ಯಾಂಕಿನಲ್ಲಿ ಹುದ್ದೆ ದೊರೆತುದು ಆಶ್ಚರ್ಯವೇನಲ್ಲ. ಆ ಹುದ್ದೆಯಲ್ಲಿ ಅವರು ಏನು ಮಾಡಿದರು ಎಂಬುದು ಮುಖ್ಯ. ದೊಡ್ಡ ಬ್ಯಾಂಕುಗಳು ನಗರದ ವರ್ತಕರು ಮತ್ತು ಕೈಗಾರಿಕೋದ್ಯಮಿಗಳನ್ನು ನೆಚ್ಚಿಕೊಂಡಿದ್ದ ಆ ಕಾಲದಲ್ಲಿ ಸಿಂಡಿಕೇಟ್ ಬ್ಯಾಂಕು ಹಳ್ಳಿ ಮತ್ತು ಸಣ್ಣ ಪಟ್ಟಣಗಳಲ್ಲಿ ಶಾಖೆಗಳನ್ನು ತೆರೆಯಿತು, ರೈತರಿಗೆ ಸಾಲ ನೀಡಿತು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳಾ ಸಿಬ್ಬಂದಿಯೇ ನಡೆಸುವ ಶಾಖೆಯನ್ನು ಆರಂಭಿಸಿತು.

ರಾಷ್ಟ್ರೀಯ ಸಂಸ್ಥೆಗಳತ್ತ

ಆಹಾರ ಕೊರತೆ ದೇಶವನ್ನು ಕಾಡುತ್ತಿದ್ದ ಸಂದರ್ಭದಲ್ಲಿ, ಧಾನ್ಯದ ಖರೀದಿ, ದಾಸ್ತಾನು ಮತ್ತು ವಿತರಣೆಗಾಗಿ 1964ರ ಕಾಯ್ದೆಯ ಅನ್ವಯ ಭಾರತೀಯ ಆಹಾರ ನಿಗಮ ರಚಿತವಾಯಿತು. 1965ರ ಜನವರಿ 14ರಂದು ತಂಜಾವೂರಿನಲ್ಲಿ ಅದರ ಮೊದಲ ಜಿಲ್ಲಾ ಕಚೇರಿ ಕಾರ್ಯಾರಂಭ ಮಾಡಿತು. ನಿಗಮದ ಪ್ರಥಮ ಅಧ್ಯಕ್ಷರಾಗಿ ಸರ್ಕಾರ ಆಯ್ದುಕೊಂಡದ್ದು ಟಿ.ಎ. ಪೈ ಅವರನ್ನು. ಹಣದ ಸಂಗ್ರಹ ಮತ್ತು ಧಾನ್ಯದ ಸಂಗ್ರಹ ಮೇಲ್ನೋಟಕ್ಕೆ ಬೇರೆಬೇರೆ ಎನಿಸಿದರೂ ಕಾರ್ಯವಿಧಾನ ಒಂದೇ. ಅಸಂಖ್ಯ ಸಣ್ಣ ಮೂಲಗಳಿಂದ ಒಗ್ಗೂಡಿಸಿ, ಸೋರಿಕೆಯಿಲ್ಲದೆ ಕಾಪಾಡಿ, ಅಗತ್ಯವಿರುವೆಡೆಗೆ ತಲುಪಿಸಬೇಕು.

1969ರ ಜುಲೈ 19ರಂದು ಕೇಂದ್ರ ಸರ್ಕಾರವು 50 ಕೋಟಿ ರೂಪಾಯಿಗಿಂತ ಹೆಚ್ಚಿನ ಠೇವಣಿ ಹೊಂದಿದ್ದ 14 ಬ್ಯಾಂಕುಗಳನ್ನು ರಾಷ್ಟ್ರೀಕರಣಗೊಳಿಸಿತು. ಅವುಗಳಲ್ಲಿ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಎರಡೂ ಕರಾವಳಿಯಲ್ಲಿ ಹುಟ್ಟಿದವು. ಹಳ್ಳಿಗೆ ಬ್ಯಾಂಕು, ರೈತನಿಗೆ ಸಾಲ ಎಂಬುದು ರಾಷ್ಟ್ರೀಕರಣದ ಘೋಷಿತ ಗುರಿ. ಸಿಂಡಿಕೇಟ್ ಬ್ಯಾಂಕು ಖಾಸಗಿ ಒಡೆತನದಲ್ಲಿಯೇ ಆ ಹಾದಿಯಲ್ಲಿ ಸಾಕಷ್ಟು ಮುಂದೆ ಸಾಗಿತ್ತು. ಪೈ ಅವರು ರಾಷ್ಟ್ರೀಕೃತ ಬ್ಯಾಂಕಿನ ಕಸ್ಟೋಡಿಯನ್ ಆದರು. ಈ ಕ್ರಮವನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1970ರ ಫೆಬ್ರವರಿಯಲ್ಲಿ ಕಾಯ್ದೆಯನ್ನು ಅಸಿಂಧುಗೊಳಿಸಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಜೆ.ಸಿ. ಷಾ. ಸರ್ಕಾರ ಹೊಸ ಶಾಸನದ ಮೂಲಕ ರಾಷ್ಟ್ರೀಕರಣವನ್ನು ಉಳಿಸಿಕೊಂಡಿತು. ಪೈ ಅವರ ಜೀವನದಲ್ಲಿ ಈ ನ್ಯಾಯಮೂರ್ತಿಗಳ ಹೆಸರು ಮತ್ತೊಮ್ಮೆ ಬರಲಿತ್ತು.

ನಂತರ ಪೈ ಅವರು ಭಾರತೀಯ ಜೀವ ವಿಮಾ ನಿಗಮದ ಅಧ್ಯಕ್ಷರಾದರು. 1956ರಲ್ಲಿ 245 ವಿಮಾ ಸಂಸ್ಥೆಗಳನ್ನು ಒಗ್ಗೂಡಿಸಿ ರಚಿಸಿದ ಆ ನಿಗಮದ ವ್ಯವಹಾರವೂ ಮನೆಮನೆಗೆ ಹೋಗುವ ಏಜೆಂಟರನ್ನೇ ಅವಲಂಬಿಸಿತ್ತು.

ಸಂಪುಟದಲ್ಲಿ

1972ರಲ್ಲಿ ಪೈ ಅವರು ರಾಜ್ಯಸಭೆಯ ಸದಸ್ಯರಾದರು. ಅದೇ ವರ್ಷ ಪದ್ಮಭೂಷಣ ಪ್ರಶಸ್ತಿಯೂ ಸಂದಿತು. ಜುಲೈ ತಿಂಗಳಲ್ಲಿ ಕೆಂಗಲ್ ಹನುಮಂತಯ್ಯ ಅವರಿಂದ ತೆರವಾದ ರೈಲ್ವೆ ಖಾತೆ ಅವರಿಗೆ ಒಲಿಯಿತು. ಒಬ್ಬ ಕನ್ನಡಿಗರ ಸ್ಥಾನಕ್ಕೆ ಮತ್ತೊಬ್ಬ ಕನ್ನಡಿಗರು ಬಂದಂತಾಯಿತು. 1973ರ ಫೆಬ್ರವರಿಯಲ್ಲಿ ರೈಲ್ವೆ ಖಾತೆಯನ್ನು ಬಿಟ್ಟ ನಂತರ ಭಾರಿ ಕೈಗಾರಿಕೆ ಮುಂತಾದ ಖಾತೆಗಳನ್ನು ನಿರ್ವಹಿಸಿ, 1974ರಿಂದ 1977ರವರೆಗೆ ಕೈಗಾರಿಕೆ ಮತ್ತು ನಾಗರಿಕ ಪೂರೈಕೆ ಸಚಿವರಾಗಿದ್ದರು.

ಅದು ಪರವಾನಗಿ ವ್ಯವಸ್ಥೆಯ ಉಚ್ಛ್ರಾಯ ಕಾಲ. 1951ರ ಕೈಗಾರಿಕಾ ಕಾಯ್ದೆಯ ಅನ್ವಯ ಹೊಸ ಕಾರ್ಖಾನೆಗೂ ವಿಸ್ತರಣೆಗೂ ದೆಹಲಿಯ ಅನುಮತಿ ಬೇಕಿತ್ತು. ಪ್ರಧಾನಿ ಇಂದಿರಾ ಗಾಂಧಿಯವರ ಪುತ್ರ ಸಂಜಯ್ ಗಾಂಧಿಯವರ ಮಾರುತಿ ಕಾರು ಯೋಜನೆಗೆ, ಯಂತ್ರೋಪಕರಣಗಳನ್ನು ಆಮದು ಮಾಡಿಕೊಳ್ಳಬಾರದೆಂಬ ಷರತ್ತಿನೊಡನೆ ಅನುಮತಿ ದೊರೆತಿತ್ತು. ಈ ಷರತ್ತಿನ ಪಾಲನೆಯ ಬಗ್ಗೆ 1975ರಲ್ಲಿ ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು. ಉತ್ತರಕ್ಕಾಗಿ ಮಾಹಿತಿ ಕಲೆಹಾಕಲು ತೊಡಗಿದ್ದ ನಾಲ್ವರು ಅಧಿಕಾರಿಗಳ ಮೇಲೆ ಸಿಬಿಐ ತನಿಖೆ ಎರಗಿತು. ಅವರಲ್ಲಿ ಪೈ ಅವರ ಸಚಿವಾಲಯದವರೂ ಇದ್ದರು. ಸಂಸತ್ತಿಗೆ ನಿಜ ತಿಳಿಸುವ ಕರ್ತವ್ಯವೇ ಅವರಿಗೆ ಮುಳುವಾಯಿತು.

ತುರ್ತುಪರಿಸ್ಥಿತಿಯ ಅತಿರೇಕಗಳ ವಿಚಾರಣೆಗೆ 1977ರಲ್ಲಿ ನೇಮಕಗೊಂಡ ಆಯೋಗದ ಅಧ್ಯಕ್ಷರು ಅದೇ ನ್ಯಾಯಮೂರ್ತಿ ಜೆ.ಸಿ. ಷಾ. ಪೈ ಅವರು ಆಯೋಗದ ಮುಂದೆ ಹಾಜರಾಗಿ, ಮಾಹಿತಿ ಸಂಗ್ರಹದ ವಿಷಯದಲ್ಲಿ ಪ್ರಧಾನಿಯವರು ತೋರಿದ ಕೋಪವನ್ನು ಕುರಿತು ಸಾಕ್ಷ್ಯ ನುಡಿದರು. ಅಧಿಕಾರಿಗಳ ವಿರುದ್ಧದ ಕ್ರಮ ಅಧಿಕಾರದ ದುರುಪಯೋಗವೆಂದು ಆಯೋಗ ಅಭಿಪ್ರಾಯಪಟ್ಟಿತು. ಆದರೆ ಆ ಸಾಕ್ಷ್ಯ ಬಂದುದು ಸರ್ಕಾರ ಬದಲಾದ ಮೇಲೆ. ಘಟನೆಯ ನಂತರವೂ ಪೈ ಅವರು 1977ರವರೆಗೆ ಸಂಪುಟದಲ್ಲಿಯೇ ಮುಂದುವರಿದಿದ್ದರು. ಅವರ ವೃತ್ತಿಜೀವನದ ಆಯವ್ಯಯ ಪಟ್ಟಿಯಲ್ಲಿ ಈ ಎರಡು ನಮೂದುಗಳನ್ನೂ ಎದುರುಬದುರಾಗಿ ಕಾಣಿಸುವುದೇ ನ್ಯಾಯ.

ಕೊನೆಯ ವರ್ಷಗಳು

1977ರ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದರೂ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಗೆದ್ದಿತು. ಉಡುಪಿ ಕ್ಷೇತ್ರದಿಂದ ಪೈ ಅವರು ಲೋಕಸಭೆಗೆ ಆಯ್ಕೆಯಾದರು. ಪಕ್ಷ ಒಡೆದಾಗ ದೇವರಾಜ ಅರಸು ಅವರ ಬಣದಲ್ಲಿದ್ದ ಅವರು, 1979ರ ಜುಲೈಯಲ್ಲಿ ರಚನೆಯಾದ ಚರಣ್ ಸಿಂಗ್ ಸರ್ಕಾರದಲ್ಲಿ ಮತ್ತೊಮ್ಮೆ ರೈಲ್ವೆ ಸಚಿವರಾದರು. 1980ರ ಜನವರಿಯಲ್ಲಿ ಆ ಸರ್ಕಾರದ ಅವಧಿ ಮುಗಿಯಿತು. ಉಡುಪಿ ಕ್ಷೇತ್ರದಿಂದ ಆಸ್ಕರ್ ಫರ್ನಾಂಡಿಸ್ ಗೆದ್ದರು. 1981ರ ಮೇ ತಿಂಗಳಲ್ಲಿ, 59ನೆಯ ವಯಸ್ಸಿನಲ್ಲಿ, ಪೈ ಅವರು ನಿಧನರಾದರು. ಮಣಿಪಾಲದ ಟಿ.ಎ. ಪೈ ಮ್ಯಾನೇಜ್‌ಮೆಂಟ್ ಸಂಸ್ಥೆ ಅವರ ಹೆಸರನ್ನು ಹೊತ್ತಿದೆ.

ವಾಣಿಜ್ಯ ಕ್ಷೇತ್ರಕ್ಕೆ ಪಾಠ

ಪೈ ಅವರ ವೃತ್ತಿಪಥದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಸಣ್ಣ ಮನುಷ್ಯನ ಹಣಕ್ಕೆ ಲೆಕ್ಕ ಕೊಡುವ ಅಭ್ಯಾಸ ಬೆಳೆಸಿಕೊಂಡವರು ದೊಡ್ಡ ಸಾರ್ವಜನಿಕ ಸಂಸ್ಥೆಗಳನ್ನೂ ನಡೆಸಬಲ್ಲರು ಎಂಬುದು ಮೊದಲನೆಯದು. ಬ್ಯಾಂಕು, ಆಹಾರ ನಿಗಮ, ವಿಮಾ ನಿಗಮಗಳ ಹೊಣೆ ಒಬ್ಬರನ್ನೇ ಅರಸಿ ಬಂದುದು ಆಕಸ್ಮಿಕವಲ್ಲ. ಎರಡನೆಯದು ಎಚ್ಚರಿಕೆಯ ಮಾತು. ಬ್ಯಾಂಕಿನಲ್ಲಿ ಮೇಲಧಿಕಾರಿಯ ಆದೇಶದ ಮೇಲೂ ಆಡಿಟರನ ಕಣ್ಣಿರುತ್ತದೆ. ಸಂಪುಟದಲ್ಲಿ ಅಂಥ ಕಣ್ಣು ಸಂಸತ್ತಿನದು. ಅದನ್ನು ಮುಚ್ಚಿಸಲು ಹೊರಟಾಗ ಆಡಳಿತ ಕೌಶಲವೊಂದೇ ಸಾಲದು, ಹುದ್ದೆಯನ್ನೇ ಪಣಕ್ಕಿಡುವ ಸಿದ್ಧತೆ ಬೇಕಾಗುತ್ತದೆ. ಇದನ್ನು ಯಾವ ವಾಣಿಜ್ಯ ಪದವಿಯೂ ಕಲಿಸುವುದಿಲ್ಲ.

1975ರ ಅಕ್ಟೋಬರ್ 2ರಂದು ದೇಶದ ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕ್ ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಆರಂಭವಾದಾಗ ಅದನ್ನು ಪ್ರಾಯೋಜಿಸಿದ್ದು ಸಿಂಡಿಕೇಟ್ ಬ್ಯಾಂಕ್. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋದರೂ ಪದ್ಧತಿ ಅಳಿದಿಲ್ಲ. ಕರಾವಳಿಯ ಪೇಟೆಗಳಲ್ಲಿ ಪಿಗ್ಮಿ ಸಂಗ್ರಾಹಕರು ಇಂದಿಗೂ ಅಂಗಡಿಯಿಂದ ಅಂಗಡಿಗೆ ನಡೆಯುತ್ತಾರೆ.