ಸೀಸೆಯ ಮೇಲಿನ 5 ಮಿಲಿಗ್ರಾಂ

ಪ್ರಯೋಗಾಲಯಕ್ಕೆ ಹೇಳಿಮಾಡಿಸಿದ ಪೆಪ್ಟೈಡ್ ಬಂದಾಗ ಪುಟ್ಟ ಸೀಸೆಯ ಚೀಟಿಯ ಮೇಲೆ ಎರಡು ಅಂಕಿ ಕಾಣುತ್ತವೆ: 5 ಮಿಲಿಗ್ರಾಂ, ಶುದ್ಧತೆ ಶೇ 95. ಸೀಸೆಯಲ್ಲಿ 4.75 ಮಿಲಿಗ್ರಾಂ ಪೆಪ್ಟೈಡ್ ಇದೆ ಎಂದು ಹೊಸ ಸಂಶೋಧಕರು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ತಪ್ಪು. ಒಳಗಿರುವುದು ಮೂರೂವರೆ ಮಿಲಿಗ್ರಾಂ ಇರಬಹುದು, ಇನ್ನೂ ಕಡಿಮೆಯೂ ಇರಬಹುದು. ಮಾರಿದವರು ಮೋಸ ಮಾಡಿದ್ದಾರೆ ಎಂದಲ್ಲ. ಚೀಟಿಯ ಆ ಎರಡು ಅಂಕಿಗಳು ಹೇಳುವ ಸಂಗತಿಯೇ ಬೇರೆ. ವಿಜಯಪುರದ ಬಿಎಲ್‌ಡಿಇ ವಿಶ್ವವಿದ್ಯಾಲಯದಲ್ಲೋ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೋ ಜೀವವಿಜ್ಞಾನ ಓದುವ ಹುಡುಗಿಯೊಬ್ಬಳು ಜಲನಗರದ ಬಾಡಿಗೆ ಕೋಣೆಯಲ್ಲಿ ಕೂತು, ತನಗೆ ಬೇಕಾದ ಅಣುವಿಗೆ ಫೋನಿನಲ್ಲೇ ಬೆಲೆ ಕೇಳಬಹುದಾದ ಕಾಲವಿದು. ತರಿಸುವುದು ಸುಲಭವಾಗಿದೆ. ತರಿಸಿದ್ದನ್ನು ಅರಿತು ಬಳಸುವುದನ್ನು ಮಾತ್ರ ಕಲಿಯಲೇಬೇಕು.

ಅಮೈನೋ ಆಮ್ಲಗಳು ಒಂದರ ಕೈ ಒಂದು ಹಿಡಿದು ನಿಂತ ಸಣ್ಣ ಸರಪಳಿಯೇ ಪೆಪ್ಟೈಡ್. ಸರಪಳಿ ಉದ್ದವಾಗಿ, ಮಡಚಿಕೊಂಡು ರೂಪ ತಳೆದರೆ ಅದು ಪ್ರೊಟೀನ್. ಹೆರಿಗೆಯಲ್ಲಿ ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್ ಒಂಬತ್ತೇ ಅಮೈನೋ ಆಮ್ಲಗಳ ಪೆಪ್ಟೈಡ್. ಅದನ್ನು 1953ರಲ್ಲಿ ಅಮೆರಿಕದ ವಿನ್ಸೆಂಟ್ ದು ವಿಗ್ನೋ ಪ್ರಯೋಗಾಲಯದಲ್ಲಿ ತಯಾರಿಸಿದಾಗ ಅದು ಎಷ್ಟು ದೊಡ್ಡ ಸಾಧನೆ ಅನ್ನಿಸಿತೆಂದರೆ, ಎರಡೇ ವರ್ಷಕ್ಕೆ ಅವರಿಗೆ ನೊಬೆಲ್ ಬಂತು. ಆಗಿನ ದಾರಿಯಲ್ಲಿ ಒಂದೊಂದು ಕೊಂಡಿ ಸೇರಿಸಿದ ಮೇಲೂ ದ್ರಾವಣದಿಂದ ವಸ್ತುವನ್ನು ಬೇರ್ಪಡಿಸಿ, ಶುದ್ಧಮಾಡಿ, ಮುಂದಿನ ಕೊಂಡಿಗೆ ಹೋಗಬೇಕಿತ್ತು. 1963ರಲ್ಲಿ ಬ್ರೂಸ್ ಮೆರಿಫೀಲ್ಡ್ ಈ ಕಷ್ಟವನ್ನು ನೀಗಿಸಿದರು. ಸರಪಳಿಯ ಕೊನೆಯ ಅಮೈನೋ ಆಮ್ಲವನ್ನು ಪಾಲಿಸ್ಟೈರೀನ್‌ನ ಸಣ್ಣ ಮಣಿಗಳಿಗೆ ಅಂಟಿಸಿ, ಅಲ್ಲಿಂದ ಹಿಂದಕ್ಕೆ ಒಂದೊಂದಾಗಿ ಕಟ್ಟುತ್ತ ಬಂದರು. ಪ್ರತಿ ಸಲ ಉಳಿದ ರಾಸಾಯನಿಕಗಳನ್ನು ತೊಳೆದು ಚೆಲ್ಲಿದರಾಯಿತು, ಬೆಳೆಯುತ್ತಿರುವ ಸರಪಳಿ ಮಣಿಯ ಮೇಲೇ ಉಳಿಯುತ್ತದೆ. ಇಂದು ಯಂತ್ರಗಳು ಮಾಡುತ್ತಿರುವುದೂ ಇದನ್ನೇ.

ಆದರೆ ಯಂತ್ರವೂ ಗಣಿತಕ್ಕೆ ಬದ್ಧ. 30 ಅಮೈನೋ ಆಮ್ಲಗಳ ಸರಪಳಿಗೆ 29 ಜೋಡಣೆ ಬೇಕು. ಪ್ರತಿ ಜೋಡಣೆ ಶೇ 99ರಷ್ಟು ಯಶಸ್ವಿಯಾದರೂ ಕೊನೆಗೆ ಪೂರ್ಣ ಸರಪಳಿಯಾಗಿ ಸಿಗುವುದು ಶೇ 75 ಮಾತ್ರ. ಜೋಡಣೆಯ ಯಶಸ್ಸು ಶೇ 97ಕ್ಕೆ ಇಳಿದರೆ ಸಿಗುವುದು ಶೇ 41. ಮಿಕ್ಕಿದ್ದೆಲ್ಲ ನಡುವೆ ಒಂದು ಕೊಂಡಿ ತಪ್ಪಿದ, ಅರ್ಧಕ್ಕೆ ನಿಂತ ಸರಪಳಿಗಳು. ಉದ್ದ ಹೆಚ್ಚಿದಂತೆ ಬೆಲೆ ಏರುವುದು ಇದೇ ಕಾರಣಕ್ಕೆ. 15 ಸಾಕಾಗುವಲ್ಲಿ 40 ಬರೆಯುವುದಕ್ಕೆ ಮುಂಚೆ ಮಾರ್ಗದರ್ಶಕರ ಜತೆ ಒಮ್ಮೆ ಕೂತು ಯೋಚಿಸುವುದು ಒಳ್ಳೆಯದು.

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. ಮೆರಿಫೀಲ್ಡ್ ಅವರ ಪ್ರಬಂಧ ಬಂದ 1963ರಲ್ಲೇ, ಪೆಪ್ಟೈಡ್ ಸರಪಳಿ ಯಾವ ಕೋನಗಳಲ್ಲಿ ಬಾಗಬಲ್ಲದು ಎಂಬುದರ ನಕ್ಷೆಯನ್ನು ಮದರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಪ್ರಕಟಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತವಿಜ್ಞಾನ ವಿಭಾಗ ಕಟ್ಟಿದವರೂ ಅವರೇ. ಅದೇ ವಿಭಾಗದಲ್ಲಿ ಪಿ. ಬಲರಾಮ್ ದಶಕಗಳ ಕಾಲ ಪೆಪ್ಟೈಡ್‌ಗಳನ್ನು ತಾವೇ ಕಟ್ಟಿ, ಅವುಗಳ ಆಕಾರವನ್ನು ಅಭ್ಯಾಸ ಮಾಡಿದರು. ಇನ್ನೊಂದು ಕಡೆ, ಬೆಂಗಳೂರು ವಿಶ್ವವಿದ್ಯಾಲಯದ ಸೆಂಟ್ರಲ್ ಕಾಲೇಜಿನಲ್ಲಿ ಕೆ.ಎಂ. ಶಿವಾನಂದಯ್ಯ ಮತ್ತು ಅವರ ಶಿಷ್ಯರು 1980ರ ದಶಕದಲ್ಲಿ ಎಲ್‌ಎಚ್‌ಆರ್‌ಎಚ್ ಎಂಬ ಮೆದುಳಿನ ಹಾರ್ಮೋನಿನ ರೂಪಾಂತರಗಳನ್ನು ಮಣಿಗಳ ಮೇಲೆ ಕಟ್ಟುತ್ತಿದ್ದರು. ಈ ಎರಡನೆಯ ಗುಂಪಿನ ಕೆಲಸ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಗೊತ್ತಾಗಬೇಕು ಎಂಬುದು ನನ್ನ ಆಸೆ.

ಆರ್ಡರ್ ಬರೆಯುವವರಿಗೆ ಆ ಎಲ್‌ಎಚ್‌ಆರ್‌ಎಚ್ ಒಳ್ಳೆಯ ಪಾಠ ಕಲಿಸುತ್ತದೆ. ಅದರಲ್ಲಿ ಹತ್ತು ಅಮೈನೋ ಆಮ್ಲಗಳಿವೆ, ಎರಡೂ ತುದಿಗಳು ಮುಚ್ಚಿವೆ. ಮೊದಲ ತುದಿಯಲ್ಲಿ ಗ್ಲುಟಾಮಿಕ್ ಆಮ್ಲ ತನ್ನೊಳಗೇ ಉಂಗುರವಾಗಿ ಸುತ್ತಿಕೊಂಡಿದೆ, ಕೊನೆಯಲ್ಲಿ ಆಮ್ಲದ ಬದಲು ಅಮೈಡ್ ಇದೆ. ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದರಂತೆ ಬರೀ ಹತ್ತು ಅಕ್ಷರ ಬರೆದು ಕಳಿಸಿದರೆ ತಯಾರಕರು ತುದಿಗಳನ್ನು ತೆರೆದಿಟ್ಟು ಕಳಿಸುತ್ತಾರೆ. ಬರುವುದು ಬೇರೆಯೇ ಅಣು, ಕೋಶದ ಗ್ರಾಹಕ ಅದನ್ನು ಸರಿಯಾಗಿ ಗುರುತಿಸುವುದಿಲ್ಲ. ಆಕ್ಸಿಟೋಸಿನ್ನಿನ ಕೊನೆಯೂ ಅಮೈಡ್. ಜತೆಗೆ ಅದರ ಎರಡು ಸಿಸ್ಟೀನ್‌ಗಳ ನಡುವೆ ಗಂಧಕದ ಸೇತುವೆ ಬೇಕೆಂದು ಬಾಯಿಬಿಟ್ಟು ಹೇಳಬೇಕು. ಅಕ್ಷರಗಳಲ್ಲೂ ಎಡವುವವರು ಬಹಳ. ಎಲ್ ಎಂದರೆ ಲ್ಯೂಸಿನ್, ಲೈಸಿನ್ನಿಗೆ ಕೆ ಎಂದು ಬರೆಯಬೇಕು. ಡಿ ಆಸ್ಪಾರ್ಟಿಕ್ ಆಮ್ಲ, ಎನ್ ಆಸ್ಪರಜಿನ್. ಯಂತ್ರ ಕಟ್ಟುವುದು ಕೊನೆಯಿಂದ ಹಿಂದಕ್ಕೆ ಇರಬಹುದು, ನಾವು ಬರೆಯುವುದು ಮಾತ್ರ ಯಾವಾಗಲೂ ಅಮೈನೋ ತುದಿಯಿಂದ. ತಿರುಗಾಮುರುಗಾ ಬರೆದರೆ ತಿರುಗಾಮುರುಗಾ ಅಣುವೇ ಬರುತ್ತದೆ, ಅದನ್ನು ಯಾರೂ ವಾಪಸ್ ತಗೊಳ್ಳುವುದಿಲ್ಲ.

ಶುದ್ಧತೆಯ ಆಯ್ಕೆಯೂ ಕೆಲಸಕ್ಕೆ ತಕ್ಕಂತಿರಲಿ. ಮೊಲಕ್ಕೆ ಚುಚ್ಚಿ ಆಂಟಿಬಾಡಿ ಪಡೆಯುವುದಕ್ಕೆ ಶೇ 80 ಧಾರಾಳ. ಕೋಶಗಳ ಮೇಲೆ ಪ್ರಮಾಣ ಅಳೆದು ಹಾಕುವ ಪ್ರಯೋಗಕ್ಕೆ ಶೇ 95ಕ್ಕಿಂತ ಕೆಳಗೆ ಇಳಿಯಬಾರದು. ಎಲ್ಲದಕ್ಕೂ ಶೇ 98 ಕೇಳುವುದು ಸಣ್ಣ ಅನುದಾನದ ಹಣವನ್ನು ಸುಮ್ಮನೆ ಸುರಿದಂತೆ.

ಇನ್ನು ಚೀಟಿಯ ಲೆಕ್ಕ. ಸೀಸೆಯ ಜತೆ ಬರುವ ಸರ್ಟಿಫಿಕೇಟಿನಲ್ಲಿ ಶುದ್ಧತೆಯನ್ನು ಎಚ್‌ಪಿಎಲ್‌ಸಿ ಯಂತ್ರದಿಂದ ಅಳೆದಿರುತ್ತಾರೆ. ಆ ಯಂತ್ರ ನೋಡುವುದು ಅತಿನೇರಳೆ ಬೆಳಕನ್ನು ಹೀರುವ ವಸ್ತುಗಳನ್ನು ಮಾತ್ರ. ಇರುವ ಪೆಪ್ಟೈಡ್‌ಗಳ ಪೈಕಿ ನಮಗೆ ಬೇಕಾದದ್ದು ಎಷ್ಟು ಪಾಲು ಎಂದು ಅದು ಹೇಳುತ್ತದೆ. ಪುಡಿಯಲ್ಲಿರುವ ನೀರು ಅದರ ಕಣ್ಣಿಗೆ ಬೀಳುವುದಿಲ್ಲ, ಲವಣವೂ ಬೀಳುವುದಿಲ್ಲ. ಲವಣ ಎಲ್ಲಿಂದ ಬಂತು? ಮಣಿಯಿಂದ ಪೆಪ್ಟೈಡನ್ನು ಬಿಡಿಸಲು ಟ್ರೈಫ್ಲೋರೋಅಸೆಟಿಕ್ ಆಮ್ಲ ಬಳಸುತ್ತಾರೆ, ಎಲ್ಲರ ಬಾಯಲ್ಲಿ ಅದು ಟಿಎಫ್‌ಎ. ಶುದ್ಧೀಕರಣದಲ್ಲೂ ಅದನ್ನೇ ಬಳಸುವುದು ವಾಡಿಕೆ. ಪೆಪ್ಟೈಡಿನಲ್ಲಿ ಧನ ಆವೇಶವಿರುವ ಪ್ರತಿ ಜಾಗಕ್ಕೂ ಒಂದೊಂದು ಟಿಎಫ್‌ಎ ಅಂಟಿಕೊಳ್ಳುತ್ತದೆ. ಸರಪಳಿಯಲ್ಲಿ ಒಂದು ಲೈಸಿನ್ನಿನ ಅಣುತೂಕ 128; ಅದಕ್ಕೆ ಅಂಟುವ ಟಿಎಫ್‌ಎಯ ತೂಕ 114! ಲೈಸಿನ್, ಆರ್ಜಿನಿನ್ ಹೆಚ್ಚಿರುವ ಪೆಪ್ಟೈಡಿನ ಪುಡಿಯಲ್ಲಿ ಎಷ್ಟು ಪಾಲು ಬರೀ ಲವಣ ಎಂಬುದನ್ನು ಇದರಿಂದಲೇ ಊಹಿಸಬಹುದು.

ಹಾಗಾಗಿ ಕೇಳಿ ಪಡೆಯಬೇಕಾದ ಮೂರನೆಯ ಅಂಕಿಯೊಂದಿದೆ: ನೆಟ್ ಪೆಪ್ಟೈಡ್ ಕಂಟೆಂಟ್, ಅಂದರೆ ಪುಡಿಯ ತೂಕದಲ್ಲಿ ನಿಜವಾದ ಪೆಪ್ಟೈಡಿನ ಪಾಲು. ಅದು ಶೇ 75 ಎಂದಿಟ್ಟುಕೊಳ್ಳೋಣ. 5 ಮಿಲಿಗ್ರಾಂನಲ್ಲಿ ಪೆಪ್ಟೈಡ್ 3.75 ಮಿಲಿಗ್ರಾಂ. ಅದರ ಶೇ 95 ಎಂದರೆ ಸುಮಾರು 3.56. ಇದನ್ನು ಗಮನಿಸದೆ 5 ಎಂದೇ ಹಿಡಿದು ದ್ರಾವಣ ಮಾಡಿದರೆ, ಪ್ರಬಂಧದಲ್ಲಿ ಬರೆಯುವ ಪ್ರತಿ ಪ್ರಮಾಣವೂ ವಾಸ್ತವಕ್ಕಿಂತ ಸುಮಾರು ಶೇ 40 ಹೆಚ್ಚಾಗಿ ದಾಖಲಾಗುತ್ತದೆ. ಇನ್ನೊಂದು ಊರಿನಲ್ಲಿ ಅದೇ ಪ್ರಯೋಗ ಮಾಡಿದವರಿಗೆ ಫಲಿತಾಂಶ ಹೊಂದದೆ ಹೋದಾಗ, ಜೀವಕೋಶದ್ದೇ ಏನೋ ರಹಸ್ಯ ಎಂದು ಇಬ್ಬರೂ ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳುತ್ತಾರೆ. ಟಿಎಫ್‌ಎ ಕೆಲವು ಕೋಶಗಳಿಗೆ ತೊಂದರೆಯನ್ನೂ ಕೊಡುವುದರಿಂದ, ಕೋಶಗಳ ಮೇಲೆ ಕೆಲಸ ಮಾಡುವವರು ಅಸಿಟೇಟ್ ಲವಣವಾಗಿ ಬದಲಿಸಿ ಕೊಡಿ ಎಂದು ಮೊದಲೇ ಬರೆಯುವುದು ಲೇಸು.

ತಯಾರಾದ ಪೆಪ್ಟೈಡನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜುಗಡ್ಡೆಯನ್ನು ನೇರ ಆವಿಯಾಗಿಸಿ ಒಣಗಿಸಿ ಕಳಿಸುತ್ತಾರೆ. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರಿಗೆ ಇದರ ತತ್ವ ಬಿಡಿಸಿ ಹೇಳಬೇಕಿಲ್ಲ: ಶೆಡ್ಡಿನಲ್ಲಿ ಒಣಗಿದ ದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ, ಪಸೆ ತಗುಲಿದರೆ ಕೆಡುತ್ತದೆ. ಪೆಪ್ಟೈಡನ್ನು ಕೆಡಿಸುವುದರಲ್ಲಿ ಬಿಸಿಲಿಗಿಂತ ತೇವವೇ ಮುಂದು. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆಂಗಳೂರಿನಿಂದ ದಾರಿ ಐದುನೂರು ಕಿಲೋಮೀಟರಿಗೂ ಹೆಚ್ಚು. ಹಾಗಿದ್ದರೂ ಒಣಪುಡಿಯಾಗಿರುವ ಬಹುಪಾಲು ಪೆಪ್ಟೈಡ್‌ಗಳು ಒಂದೆರಡು ದಿನದ ಪ್ರಯಾಣವನ್ನು ತಾಳಿಕೊಳ್ಳುತ್ತವೆ. ಪಾರ್ಸೆಲ್ ಶನಿವಾರ-ಭಾನುವಾರ ಗೋದಾಮಿನಲ್ಲಿ ಬೇಯದಂತೆ, ವಾರದ ಮೊದಲಲ್ಲೇ ಕಳಿಸಿ ಎಂದು ತಯಾರಕರಿಗೆ ಹೇಳಿದರೆ ಸಾಕು.

ನಿಜವಾದ ಅಪಾಯ ಇರುವುದು ಫ್ರೀಜರಿನಿಂದ ಹೊರತೆಗೆದ ಗಳಿಗೆಯಲ್ಲಿ. ಮೈನಸ್ 20 ಡಿಗ್ರಿಯ ಸೀಸೆಯನ್ನು ತಂದ ಕೂಡಲೇ ಮುಚ್ಚಳ ತೆಗೆದರೆ ಗಾಳಿಯ ತೇವ ತಣ್ಣನೆಯ ಪುಡಿಯ ಮೇಲೆ ಕೂರುತ್ತದೆ. ಮಳೆಗಾಲದಲ್ಲಂತೂ ಕಣ್ಣಿಗೆ ಕಾಣುವಂತೆ ಪುಡಿ ಅಂಟಂಟಾಗುತ್ತದೆ. ಸೀಸೆಯನ್ನು ಮುಚ್ಚಿದಂತೆಯೇ, ತೇವ ಹೀರುವ ಸಿಲಿಕಾ ಹರಳುಗಳಿರುವ ಡೆಸಿಕೇಟರಿನಲ್ಲಿ ಒಂದು ಗಂಟೆ ಇಟ್ಟು ಕೋಣೆಯ ಬಿಸಿಗೆ ಬರಲು ಬಿಡಬೇಕು. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ಕ್ಷಣಕಾಲ ತಿರುಗಿಸಿದರೆ ಮುಚ್ಚಳಕ್ಕೆ ಹತ್ತಿದ ಪುಡಿ ತಳಕ್ಕಿಳಿಯುತ್ತದೆ. ಸೀಸೆ ಖಾಲಿ ಬಂದಿದೆ ಎಂದು ದೂರುವ ಮುನ್ನ ಇದನ್ನು ಮಾಡಿ ನೋಡಬೇಕು, ಎಷ್ಟೋ ಸಲ ಪುಡಿ ಗೋಡೆಗೆ ಪೊರೆಯಂತೆ ಹರಡಿಕೊಂಡಿರುತ್ತದೆ.

ಕರಗಿಸುವಾಗ ಆವೇಶ ಎಣಿಸಿಕೊಳ್ಳಿ. ಲೈಸಿನ್, ಆರ್ಜಿನಿನ್, ಅಮೈನೋ ತುದಿಗೆ ಒಂದೊಂದು ಧನ. ಆಸ್ಪಾರ್ಟಿಕ್, ಗ್ಲುಟಾಮಿಕ್, ಆಮ್ಲದ ತುದಿಗೆ ಒಂದೊಂದು ಋಣ. ಮೊದಲು ನೀರಿನಲ್ಲಿ ಯತ್ನಿಸಿ. ಒಟ್ಟು ಧನವಾದರೆ ತೆಳು ಅಸಿಟಿಕ್ ಆಮ್ಲ, ಋಣವಾದರೆ ತೆಳು ಅಮೋನಿಯಾ ನೆರವಾಗುತ್ತದೆ. ನೀರನ್ನೇ ಒಲ್ಲದ ಪೆಪ್ಟೈಡಿಗೆ ಡಿಎಂಎಸ್ಒ ಎಂಬ ದ್ರಾವಕ ತುಸು ಬೇಕಾಗಬಹುದು. ಆದರೆ ಸಿಸ್ಟೀನ್, ಮೆಥಿಯೋನಿನ್ ಇದ್ದಲ್ಲಿ ಅದು ಬೇಡ, ಅವನ್ನು ಅದು ಉತ್ಕರ್ಷಿಸುತ್ತದೆ. ಇಡೀ ಸೀಸೆಗೆ ಒಮ್ಮೆಲೇ ದ್ರಾವಕ ಸುರಿಯಬಾರದು. ಚೂರು ಪುಡಿಯಲ್ಲಿ ಪರೀಕ್ಷಿಸಿ, ಆಮೇಲೆ ಉಳಿದದ್ದು. ಕರಗಿಸಿದ್ದನ್ನು ಒಂದು ಸಲಕ್ಕೆ ಸಾಕಾಗುವಷ್ಟು ಸಣ್ಣ ಸಣ್ಣ ಪಾಲು ಮಾಡಿ ಫ್ರೀಜರಿನಲ್ಲಿಡಬೇಕು. ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಪೆಪ್ಟೈಡ್ ಹಾಳಾಗುತ್ತದೆ. ಕರೆಂಟ್ ಹೋಗುವ ಊರುಗಳಲ್ಲಿ ಬೇಕಾದಷ್ಟನ್ನೇ ಕರಗಿಸಿ ಉಳಿದದ್ದನ್ನು ಒಣಪುಡಿಯಾಗಿಯೇ ಇಟ್ಟುಕೊಳ್ಳುವುದು ಕ್ಷೇಮ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ತೂಕ ಇಳಿಸುವ, ಮಾಂಸಖಂಡ ಬೆಳೆಸುವ ಹೆಸರಿನಲ್ಲಿ ‘ಸಂಶೋಧನೆಗೆ ಮಾತ್ರ’ ಎಂದು ಬರೆದ ಇಂಥದೇ ಸೀಸೆಗಳನ್ನು ಜನ ಮೈಗೆ ಚುಚ್ಚಿಕೊಳ್ಳುತ್ತಿದ್ದಾರೆ. ಲಿರಾಗ್ಲುಟೈಡ್, ಇನ್ಸುಲಿನ್ ಕೂಡ ಅಮೈನೋ ಆಮ್ಲಗಳ ಸರಪಳಿಗಳೇ ಹೌದು. ಆದರೆ ಔಷಧವಾಗಿ ಮಾರುವ ಮುನ್ನ ಅವು ಕ್ರಿಮಿರಹಿತವೇ, ಬ್ಯಾಕ್ಟೀರಿಯಾದ ವಿಷ ಬೆರೆತಿಲ್ಲವೇ, ಪ್ರಮಾಣ ಸರಿಯಿದೆಯೇ ಎಂಬ ಪರೀಕ್ಷೆಗಳನ್ನು ದಾಟಿ ಬರುತ್ತವೆ. ಪ್ರಯೋಗಾಲಯದ ಪುಡಿಗೆ ಆ ಖಾತರಿ ಇಲ್ಲ. ಪ್ರಮಾಣದ ಲೆಕ್ಕದಲ್ಲಿ ಸಂಶೋಧಕರೇ ಎಡವುವ ವಸ್ತುವನ್ನು ರಕ್ತಕ್ಕೆ ಬಿಟ್ಟುಕೊಳ್ಳುವುದು ಪ್ರಾಣದ ಜತೆ ಆಡುವ ಆಟ.

ನೋಟ್‌ಬುಕ್ಕಿನಲ್ಲಿ ಪೆಪ್ಟೈಡಿನ ಹೆಸರಿನ ಪಕ್ಕ ಲಾಟ್ ಸಂಖ್ಯೆ, ಲವಣದ ರೂಪ, ನೆಟ್ ಪೆಪ್ಟೈಡ್ ಕಂಟೆಂಟ್, ಸೀಸೆ ತೆರೆದ ದಿನ ಇವಿಷ್ಟನ್ನು ಬರೆದಿಡಬೇಕು. ಆರು ತಿಂಗಳ ನಂತರ ಅದೇ ಅಕ್ಷರಗಳನ್ನು ಅದೇ ಕಂಪನಿಗೆ ಕಳಿಸಿ ತರಿಸಿದ ಎರಡನೆಯ ಸೀಸೆಯಲ್ಲಿ ಆ ಪಾಲು ಶೇ 75ರ ಬದಲು 68 ಇರಬಹುದು, 82 ಇರಬಹುದು. ಹಳೆಯ ಲೆಕ್ಕವನ್ನು ಹಾಗೇ ನಕಲು ಮಾಡದೆ, ಹೊಸ ಸರ್ಟಿಫಿಕೇಟ್ ನೋಡಿ ದ್ರಾವಣದ ಪ್ರಮಾಣವನ್ನು ಮೊದಲಿನಿಂದ ಹಾಕಿಕೊಳ್ಳಬೇಕು.